ಅಟ್ಟದ ಮೇಲಿನ ಮಾತೆ

ದಬ್ಬೇಘಟ್ಟ
15 ಡಿಸೆಂಬರ್ 2025

ಪ್ರೀತಿಯ ನಿಮ್ಮಿ,

ನಿನ್ನೆ ಫೋನ್ ತಾನಾಗಿ ಕಟ್ಟಾಗಲಿಲ್ಲ, ನಾನೇ ಕಟ್ ಮಾಡಿದೆ. ಫೋನಿನಲ್ಲಿ ನೀನು ಟೀಚರ್ ಆಗಿಬಿಡುತ್ತೀಯ, ನಾನು ಹಿಂದಿನ ಬೆಂಚಿನ ಹುಡುಗಿಯಾಗಿಬಿಡುತ್ತೇನೆ. ಕಾಗದದಲ್ಲಿ ಹಾಗಲ್ಲ. ನಾನು ಹೇಳಿ ಮುಗಿಸುವವರೆಗೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಈ ವಿಷಯದಲ್ಲಿ ಇನ್ನು ಏನಿದ್ದರೂ ಕಾಗದದಲ್ಲೇ.

ನಿನ್ನೆ ತಿಪಟೂರಿನಿಂದ ಹೊಸ ಗುರುಗಳು ಬಂದಿದ್ದರು. ಫಾದರ್ ಜ್ಞಾನೇಶ್ ಅಂತ. ಚಿಕ್ಕ ವಯಸ್ಸು, ಬೈಕಿನಲ್ಲಿ ಓಡಾಡುತ್ತಾರೆ, ಒಳ್ಳೆಯವರ ಹಾಗೇ ಕಾಣುತ್ತಾರೆ. ಗುಡಿಯಲ್ಲಿ ಪೂಜೆಯ ನಡುವೆ ಉಪದೇಶದ ಬದಲು ಒಂದು ಕರಪತ್ರ ಓದಿದರು. ನವೆಂಬರಿನಲ್ಲಿ ರೋಮಿನಿಂದ ಒಂದು ಟಿಪ್ಪಣಿ ಬಂದಿದೆಯಂತೆ. ಲೋಕವನ್ನು ರಕ್ಷಿಸಿದವರು ಯೇಸುಸ್ವಾಮಿ ಒಬ್ಬರೇ, ಹಾಗಾಗಿ ಅವರ ತಾಯಿಯನ್ನು ಸಹರಕ್ಷಕಿ ಎಂದು ಕರೆಯುವುದು ಸರಿಯಲ್ಲವಂತೆ. ಓದಿ ಮುಗಿಸಿ ನಮ್ಮ ಮಾತೆಯ ಪ್ರತಿಮೆಯಿರುವ ಗೂಡಿನ ಕಡೆ ತಿರುಗಿ, ಫೆಬ್ರವರಿ ಹನ್ನೊಂದರ ಲೂರ್ದು ಮಾತೆ ಹಬ್ಬದೊಳಗೆ ಆ ಹಲಗೆ ಇಳಿಸಿಬಿಡೋಣ ಅಂದರು. ಗೋಡೆಯ ಕ್ಯಾಲೆಂಡರ್ ಬದಲಾಯಿಸೋಣ ಅನ್ನುವಷ್ಟು ಸಲೀಸಾಗಿ ಅಂದರು.

ಆ ಹಲಗೆ ಯಾವುದು ಅಂತ ನಿನಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಪುಣೆಯ ಮಠ ಸೇರಿ ಇಪ್ಪತ್ತು ವರ್ಷ ಕಳೆದಿವೆ, ಮರೆತಿದ್ದರೂ ಮರೆತಿರಬಹುದು. ಒಡಹುಟ್ಟಿದ ಚೌರಿಯಣ್ಣ ತೆಂಗಿನ ಮರದಿಂದ ಬಿದ್ದು ತೀರಿಕೊಂಡ ವರ್ಷ ಅವ್ವ ಮುಂದೆ ನಿಂತು ಮಾಡಿಸಿದ್ದು. ನಮ್ಮವರ ಒಂದೊಂದು ಮನೆಯಿಂದಲೂ ತೆಂಗಿನ ಚಿಪ್ಪು ಬಂತು. ಹೆಂಗಸರೆಲ್ಲ ಜಗುಲಿಯಲ್ಲಿ ಕೂತು, ಗಾಜಿನ ಚೂರಿನಲ್ಲಿ ಹೆರೆದು, ತುಂಡು ತುಂಡು ಕೂಡಿಸಿ ‘ನಮ್ಮ ಸಹರಕ್ಷಕಿ’ ಅಂತ ಅಕ್ಷರ ಮಾಡಿದರು. ಆ ಹೆಸರು ಹೇಳಿಕೊಟ್ಟವರು ಆಗಿನ ಗುರುಗಳೇ. ಆಗ ಸರಿಯಿದ್ದದ್ದು ಈಗ ಹೇಗೆ ತಪ್ಪಾಯಿತು? ಅವ್ವ ಹೋದಮೇಲೆ ಅವಳದು ಅಂತ ಊರಿನಲ್ಲಿ ಉಳಿದಿರುವುದು ಅದೊಂದೇ. ಅದನ್ನು ಇಳಿಸಲು ನಾನು ಬಿಡುವುದಿಲ್ಲ.

ಕರಪತ್ರ ಬರೆದ ಮಹಾನುಭಾವ ಯಾರೋ ಗೊತ್ತಿಲ್ಲ, ಕೆಳಗೆ ಹೆಸರಿಲ್ಲ. ಗಂಡಸೇ ಇರಬೇಕು. ಹೆತ್ತವಳ ಪಾಲನ್ನು ಇಷ್ಟು ಅಚ್ಚುಕಟ್ಟಾಗಿ ಕಳೆಯಲು ಅವರಿಗೇ ಬರುವುದು. ನೀನು ದೇವಶಾಸ್ತ್ರದಲ್ಲಿ ಡಾಕ್ಟರ್, ಗುರುಗಳಾಗುವವರಿಗೇ ಪಾಠ ಹೇಳುವವಳು. ತುರುವೇಕೆರೆ ತಾಲ್ಲೂಕಿನಲ್ಲಿ ಇಂಥ ಇನ್ನೊಬ್ಬಳಿದ್ದರೆ ತೋರಿಸಿ ಅಂತ ನಾನು ಸಂತೆಯಲ್ಲಿ ಹೇಳಿಕೊಂಡು ತಿರುಗುವವಳು. ಫಾದರಿಗೆ ನೀನು ಎರಡು ಸಾಲು ಬರೆದರೆ ಸಾಕು, ಹಲಗೆಯ ತಂಟೆಗೆ ಬರುವುದಿಲ್ಲ. ಬೇಗ ಬರೆ.

ನಿನ್ನ ಅಕ್ಕ,
ಮದಲೇನಮ್ಮ


ಪುಣೆ
26 ಡಿಸೆಂಬರ್ 2025

ಪ್ರೀತಿಯ ಅಕ್ಕ,

ಹಬ್ಬದ ಶುಭಾಶಯ. ನಿನ್ನ ಕಾಗದ ಬಂದು ನಾಲ್ಕೈದು ದಿನವಾಯಿತು. ಕ್ರಿಸ್ಮಸ್ ಗಡಿಬಿಡಿಯಲ್ಲಿ ಉತ್ತರ ತಡವಾಯಿತು ಅಂತ ಬರೆಯೋಣ ಅಂದುಕೊಂಡೆ, ಆದರೆ ನೀನು ನಂಬುವುದಿಲ್ಲ. ಏನು ಬರೆಯಬೇಕು ಅಂತ ತೋಚಲಿಲ್ಲ, ಅದಕ್ಕೇ ತಡ.

ಫಾದರಿಗೆ ನಾನು ಬರೆಯಲಾರೆ. ಅವರು ಹೇಳಿದ್ದು ತಪ್ಪಲ್ಲ. ಸಹರಕ್ಷಕಿ ಅನ್ನುವ ಹೆಸರನ್ನು ಹಿಂದೆ ದೊಡ್ಡ ದೊಡ್ಡವರೂ ಬಳಸಿದ್ದಾರೆ, ನಮ್ಮ ಹಳೆಯ ಗುರುಗಳು ಸುಳ್ಳು ಹೇಳಲಿಲ್ಲ. ಆದರೆ ಅದರಿಂದ ಇಬ್ಬರು ರಕ್ಷಕರಿದ್ದಾರೆ ಅನ್ನುವ ಅರ್ಥ ಬಂದುಬಿಡುತ್ತದೆ. ವರಪ್ರಸಾದ ಬರುವುದು ಮಗನಿಂದ. ತಾಯಿಯೂ ಅದನ್ನು ಅವನಿಂದಲೇ ಪಡೆದವಳು. ಬೈಬಲಿನ ಆ ಮದುವೆಮನೆಯಲ್ಲಿ ದ್ರಾಕ್ಷಾರಸ ಮುಗಿದಾಗ ಅವಳು ತಾನೇ ಏನೂ ಮಾಡಲಿಲ್ಲ, ಅವನು ಹೇಳಿದಂತೆ ಮಾಡಿ ಅಂದಳು. ಅವಳನ್ನು ಪ್ರೀತಿಸಬೇಡಿ ಅಂತ ರೋಮ್ ಹೇಳಿಲ್ಲ ಅಕ್ಕ. ತಾಯಿ ಅನ್ನುವುದಕ್ಕಿಂತ ದೊಡ್ಡ ಹೆಸರು ಬೇಕಿಲ್ಲ ಅಂತ ಹೇಳಿದೆ, ಅಷ್ಟೆ. ಕರಪತ್ರ ಬರೆದವರಿಗೂ ಮಾತೆಯ ಮೇಲೆ ನಿನ್ನಷ್ಟೇ ಪ್ರೀತಿ ಇರಬಹುದು.

ಚೌರಿಯಣ್ಣ ಬಿದ್ದ ದಿನವನ್ನು ನೆನೆಸಿಕೊ. ಮರದ ಕೆಳಗೆ ಅವ್ವ ಏನು ಮಾಡಲು ಸಾಧ್ಯವಿತ್ತು? ಏನೂ ಇಲ್ಲ. ಸುಮ್ಮನೆ ನಿಂತು ನೋಡಿದಳು. ಶಿಲುಬೆಯ ಕೆಳಗೆ ಮಾತೆಯೂ ಹಾಗೆಯೇ ನಿಂತಳು. ಏನೂ ಮಾಡಲಾಗದೆ ನಿಂತವಳು ಅನ್ನುವುದಕ್ಕೇ ಅವಳು ನನಗೆ ಹತ್ತಿರ. ನೀನೂ ರಕ್ಷಿಸಿದೆ ಅಂತ ನಾವು ಅವಳಿಗೆ ಹೇಳಿದರೆ, ಅವಳ ಆ ಅಸಹಾಯಕತೆಯನ್ನು ಕಿತ್ತುಕೊಂಡಂತೆ ಆಗುತ್ತದೆ.

ಜಗಳವಿಲ್ಲದೆ ಹಲಗೆ ಇಳಿಸಿ ಮನೆಯಲ್ಲಿಟ್ಟುಕೊ. ಅವ್ವನ ಮೇಲಿನ ಗೌರವ ಹಲಗೆಯಲ್ಲಿಲ್ಲ.

ನಿನ್ನ,
ನಿರ್ಮಲಾ


ದಬ್ಬೇಘಟ್ಟ
6 ಜನವರಿ 2026

ಸಿಸ್ಟರ್ ನಿರ್ಮಲಾ ಅವರಿಗೆ,

ಈ ಸಲ ನಿಮ್ಮಿ ಅಂತ ಬರೆಯಲು ಕೈ ಏಳುತ್ತಿಲ್ಲ.

ನಿನ್ನ ಕಾಗದ ಓದಿದ ಮೇಲೆ ಆ ಕರಪತ್ರವನ್ನು ಇನ್ನೊಮ್ಮೆ ತೆಗೆದು ಓದಿದೆ. ಅದರಲ್ಲೊಂದು ಕಡೆ ಹೀಗಿದೆ: ‘ಅಟ್ಟದ ಮೇಲೆ ವರ್ಷಗಟ್ಟಲೆ ಕೂತು ಕಾಯಿ ಕೊಬ್ಬರಿಯಾಗುತ್ತದೆ. ಅಟ್ಟವಿಲ್ಲದೆ ಕೊಬ್ಬರಿ ಇಲ್ಲ. ಹಾಗೆಂದು ಅಟ್ಟವನ್ನು ಯಾರೂ ಕೊಬ್ಬರಿ ಎನ್ನುವುದಿಲ್ಲ.’ ಬೆಂಗಳೂರಿನ ಯಾವ ಗುರುಗಳಿಗೆ ಅಟ್ಟ ಗೊತ್ತು? ಕಾಯಿ ಒಳಗೊಳಗೇ ಒಣಗಿ ಉಂಡೆ ಕೊಬ್ಬರಿಯಾಗುವುದನ್ನು ಯಾವ ರೋಮಿನವರು ನೋಡಿದ್ದಾರೆ? ದೇವರ ವಿಷಯಕ್ಕೆ ಅಟ್ಟದ ಕಾಯಿ ತರುವವಳು ಈ ಭೂಮಿಯ ಮೇಲೆ ಒಬ್ಬಳೇ. ಅವಳನ್ನು ಓದಿಸಲು ಅವ್ವ ಕೂಲಿಗೆ ಹೋಗಿ ಕೊಬ್ಬರಿ ಒಡೆದಿದ್ದಾಳೆ.

ಒಂದು ಮಾತು ಹೇಳಿಬಿಡುತ್ತೇನೆ. ಇದು ನೀನು ಬರೆದದ್ದು ಅಂತ ಹೊಳೆದ ಕೂಡಲೇ ನನ್ನ ಎದೆ ಉಬ್ಬಿತು. ನನ್ನ ತಂಗಿಯ ಮಾತನ್ನು ಬಲಿಪೀಠದ ಪಕ್ಕ ನಿಂತು ಓದಿದ್ದಾರೆ, ತಿಪಟೂರಿನಲ್ಲೂ ಓದಿರುತ್ತಾರೆ, ತುಮಕೂರಿನಲ್ಲೂ ಓದಿರುತ್ತಾರೆ. ಹೊರಗೆ ಹೋಗಿ ಯಾರಿಗಾದರೂ ಹೇಳೋಣ ಅಂತ ಜಗುಲಿಯವರೆಗೆ ಬಂದೆ. ಆಗ ಹೊಳೆಯಿತು, ಏನಂತ ಹೇಳಲಿ? ಅವ್ವನ ಹಲಗೆ ಇಳಿಸಲು ಬರೆದವಳು ಅವಳ ಮಗಳೇ ಅಂತಲಾ? ವಾಪಸ್ ಒಳಗೆ ಬಂದು ಕೂತೆ.

ಬರೆದದ್ದು ತಪ್ಪು ಅನ್ನುವಷ್ಟು ಓದು ನನಗಿಲ್ಲ. ಬರೆದವರಿಗೂ ಪ್ರೀತಿ ಇರಬಹುದು ಅಂತ ಯಾರದೋ ಸುದ್ದಿಯ ಹಾಗೆ ನನಗೇ ಬರೆದೆಯಲ್ಲ, ಅದು ತಪ್ಪು. ಇನ್ನೊಂದು ಮಾತು, ಅಟ್ಟ ಅಂದರೆ ಮರದ ಹಲಗೆ. ಅದಕ್ಕೆ ಹೆರಿಗೆ ನೋವು ಬರುವುದಿಲ್ಲ, ಕಣ್ಣೀರೂ ಬರುವುದಿಲ್ಲ.

ಇಲ್ಲಿ ನಾವು ಮಾಡಬೇಕಾದದ್ದನ್ನು ಮಾಡಿದ್ದೇವೆ. ಏನು ಅಂತ ಕೇಳಬೇಡ. ಮಾತೆ ಕ್ಷೇಮವಾಗಿದ್ದಾಳೆ, ಅಷ್ಟು ತಿಳಿದುಕೊಂಡರೆ ಸಾಕು.

ಮದಲೇನಮ್ಮ


ಪುಣೆ
16 ಜನವರಿ 2026

ಅಕ್ಕ,

ಕರಪತ್ರ ಬರೆದವಳು ನಾನೇ. ಬೆಂಗಳೂರಿನ ಗುರುಗಳು ಕೇಳಿಕೊಂಡರು, ಒಪ್ಪಿಕೊಂಡೆ. ಹೆಸರು ಹಾಕಬೇಡಿ ಅಂತ ಹೇಳಿದ್ದೂ ನಾನೇ. ಆ ಹಲಗೆ ನೆನಪಿಗೆ ಬಂದಿತ್ತು, ನಿನಗೆ ಹೆದರಿದೆ. ಬೈಯುವುದು ಬೇಕಾದಷ್ಟಿದೆ, ಆಮೇಲೆ ಬೈಯಿ.

ಈ ಬೆಳಿಗ್ಗೆ ಫಾದರ್ ಜ್ಞಾನೇಶ್ ಎಲ್ಲಿಂದಲೋ ನನ್ನ ನಂಬರ್ ಹುಡುಕಿ ಫೋನ್ ಮಾಡಿದ್ದರು. ಕ್ರಿಸ್ಮಸ್ ಆದಮೇಲೆ ಅವರು ಊರಿಗೆ ಬಂದದ್ದು ನಿನ್ನೆಯೇ ಅಂತೆ, ನೋಡಿದರೆ ಮಾತೆಯ ಗೂಡು ಖಾಲಿಯಂತೆ. ಬೀಗ ಒಡೆದಿಲ್ಲವಂತೆ. ಒಂದು ಕೀಲಿ ಗುಡಿಯ ಪಕ್ಕದ ಪುಟ್ಟಗಂಗಮ್ಮನ ಮನೆಯಲ್ಲಿರುತ್ತದೆ ಅಂತ ಅವಳ ಮಗ ಭೀಮರಾಜುವನ್ನು ಕರೆದು ಕೇಳಿದ್ದಾರೆ. ಅವನು ತಲೆ ತಗ್ಗಿಸಿ ನಿಂತನಂತೆ, ಏನೂ ಹೇಳಲಿಲ್ಲವಂತೆ. ಈಗ ತುರುವೇಕೆರೆ ಪೊಲೀಸರಿಗೆ ದೂರು ಕೊಡುವ ಮಾತು ನಡೆದಿದೆ. ನಮ್ಮ ಗುಡಿಯಲ್ಲಿ ಪ್ರತಿ ಹಬ್ಬಕ್ಕೂ ಸೀರಿಯಲ್ ಲೈಟ್ ಕಟ್ಟುವ ಹುಡುಗನ ಹೆಸರು ಕಳ್ಳತನದ ದೂರಿನಲ್ಲಿ ಬರುತ್ತದೆ. ಅವರು ಬೇರೆ ಧರ್ಮದವರು. ಆಮೇಲೆ ಊರು ಊರಾಗಿ ಉಳಿಯುವುದಿಲ್ಲ.

ನಾನು ಕರೆದರೆ ನೀನು ಫೋನ್ ಎತ್ತುತ್ತಿಲ್ಲ. ನಿನ್ನ ಉತ್ತರ ಬರುವವರೆಗೆ ತಡೆಯಿರಿ ಅಂತ ಫಾದರನ್ನು ಬೇಡಿಕೊಂಡಿದ್ದೇನೆ. ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ.

ಮಾತೆ ಎಲ್ಲಿ, ಅಕ್ಕ?

ನಿರ್ಮಲಾ


ದಬ್ಬೇಘಟ್ಟ
24 ಜನವರಿ 2026

ನಿಮ್ಮಿ,

ಮಾತೆ ನಮ್ಮನೆ ಅಟ್ಟದ ಮೇಲಿದ್ದಳು. ಈಗ ಗೂಡಿನಲ್ಲಿದ್ದಾಳೆ. ಪೊಲೀಸರು ಬರಲಿಲ್ಲ. ಇಷ್ಟು ಓದಿ ಉಸಿರು ಬಿಡು, ಉಳಿದದ್ದನ್ನು ನಿಧಾನವಾಗಿ ಓದು.

ಹೊಸ ವರ್ಷದ ಹೊತ್ತಿಗೆ ಯಾರದೋ ಮೊಬೈಲಿಗೆ ಒಂದು ಮೆಸೇಜ್ ಬಂತು. ಮರಿಯಮ್ಮನ ಪ್ರತಿಮೆಗಳನ್ನೇ ಗುಡಿಗಳಿಂದ ತೆಗೆಯಲು ಆದೇಶವಾಗಿದೆ ಅಂತ. ಈಗ ಅದು ಶುದ್ಧ ಸುಳ್ಳು ಅಂತ ಗೊತ್ತಾಗಿದೆ, ಆಗ ನಂಬಿದೆ. ಇವತ್ತು ಹಲಗೆ, ನಾಳೆ ಮಾತೆ ಅನ್ನಿಸಿತು. ಶನಿವಾರ ಮಧ್ಯಾಹ್ನ ಜಪಸರದ ಪ್ರಾರ್ಥನೆ ಮುಗಿದ ಮೇಲೆ ನಾವು ಹೆಂಗಸರೇ ಸೇರಿ ಅವಳನ್ನು ಅವ್ವನ ಸೀರೆಯಲ್ಲಿ ಸುತ್ತಿ, ಮಂಕರಿ ಬುಟ್ಟಿಯಲ್ಲಿಟ್ಟು ಮೇಲೆ ಹುಲ್ಲು ಹೊದಿಸಿ ತಂದೆವು. ಈ ಸೀಮೆಯಲ್ಲಿ ಬೆಲೆಬಾಳುವುದನ್ನು ಇನ್ನೆಲ್ಲಿ ಇಡುತ್ತಾರೆ? ಕಾಯಿಗಳ ನಡುವೆ ಜಾಗ ಮಾಡಿ ಕೂರಿಸಿದೆ. ಮಂಕರಿಯ ಒಂದು ಕಿವಿ ಹಿಡಿದವಳು ಪುಟ್ಟಗಂಗಮ್ಮ. ಅವಳ ಮೊಮ್ಮಗುವಿಗೆ ಜ್ವರ ಬಿಟ್ಟಾಗಿನಿಂದ ನಮ್ಮ ಮಾತೆ ಅವಳಿಗೂ ಮನೆದೇವರ ಸಮ.

ಒಂದು ಯೋಚಿಸಿರಲಿಲ್ಲ. ಅಟ್ಟದ ಕೆಳಗೇ ನನ್ನ ಒಲೆ. ದಿನಾ ಹೊಗೆ ಹೋಗಿ ಹೋಗಿ ಮಾತೆಯ ನೀಲಿ ಹೊದಿಕೆ ಚಹಾದ ಬಣ್ಣಕ್ಕೆ ತಿರುಗಿದೆ. ಮುಖವೂ ಕಂದಿದೆ.

ಭೀಮರಾಜುವಿಗೆ ಎಲ್ಲ ಗೊತ್ತಿತ್ತು. ಅವನ ತಾಯಿ ಬಾಯಿ ಬಿಡಬಾರದು ಅಂತ ಆಣೆ ಹಾಕಿಸಿದ್ದಳು, ಅದಕ್ಕೇ ತಲೆ ತಗ್ಗಿಸಿ ನಿಂತ. ಅವನನ್ನು ಕರೆದು ಕೇಳಿದ್ದಾರೆ ಅಂತ ನನಗೆ ಒಬ್ಬರೂ ಹೇಳಿರಲಿಲ್ಲ. ನಿನ್ನ ಕಾಗದ ಓದಿಯೇ ತಿಳಿದದ್ದು. ನೇರ ಪುಟ್ಟಗಂಗಮ್ಮನ ಮನೆಗೆ ಹೋದೆ. ಯಾಕೆ ಹೇಳಲಿಲ್ಲ ಅಂದರೆ ಅವಳು ರಾಗಿ ಕೇರುತ್ತಾ ತಲೆಯೆತ್ತದೆ ಹೇಳಿದಳು: “ಏಳಿದ್ರೆ ನೀನು ಅವ್ವನ್ನ ಕೆಳಕ್ ಇಳಿಸ್ಬುಡ್ತಿದ್ದೆ ಕಣೇ. ನನ್ ಮಗುಂಗೇನು, ನಾಕ್ ದಿನ ತಲೆ ತಗ್ಸವ್ನೆ, ಬುಡು.”

ನನಗೆ ನಾಚಿಕೆಯಾಯಿತು ನಿಮ್ಮಿ. ನನ್ನ ಹಠಕ್ಕೆ ಇನ್ನೊಬ್ಬಳ ಮಗ ತಲೆ ತಗ್ಗಿಸುವುದು ನನಗೆ ಆಗದು. ಅಲ್ಲಿಂದಲೇ ಫಾದರಿಗೆ ಫೋನ್ ಮಾಡಿ ಬರಹೇಳಿದೆ. ಅವರು ಬಂದರು. ಭೀಮರಾಜುವಿನ ಎದುರಿಗೇ ಎಲ್ಲ ಹೇಳಿದೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಮೊದಲು ಭೀಮರಾಜುವಿನ ಕೈ ಹಿಡಿದು ತಪ್ಪಾಯಿತು ಅಂದರು. ಆಮೇಲೆ ನಮ್ಮನೆಗೆ ಬಂದು ಬಿಳಿ ನಿಲುವಂಗಿಯಲ್ಲೇ ಏಣಿ ಹತ್ತಿ, ಕಾಯಿಗಳ ಮೇಲೆ ಜಾರಿ, ಮೈಯೆಲ್ಲ ಮಸಿ ಮಾಡಿಕೊಂಡು ಮಾತೆಯನ್ನು ಎದೆಗವಚಿಕೊಂಡು ಇಳಿದರು. ಗೂಡಿನಲ್ಲಿ ಕೂರಿಸಿ ನನ್ನ ಕಡೆ ತಿರುಗಿ ಹೇಳಿದರು: “ಹಲಗೆ ನಾನು ಮುಟ್ಟಲ್ಲಮ್ಮ. ಇಳಿಸೋದು ಬಿಡೋದು ನಿಮ್ಗೇ ಬಿಟ್ಟಿದ್ದೀನಿ.” ಅಂಥವರ ಮೇಲೆ ಕೋಪ ಮಾಡಿಕೊಳ್ಳುವುದು ಕಷ್ಟ. ಆದರೂ ಹಲಗೆಯನ್ನು ನಾನು ಇಳಿಸಿಲ್ಲ, ಇಳಿಸುವುದೂ ಇಲ್ಲ.

ಯಾಕೆ ಅಂತ ಈಗ ಹೇಳುತ್ತೇನೆ. ಅವ್ವ ಏನೂ ಮಾಡದೆ ಸುಮ್ಮನೆ ನಿಂತಳು ಅಂತ ನೀನು ಬರೆದೆ. ನೀನು ಆಗ ಹಾಸನದ ಹಾಸ್ಟೆಲಿನಲ್ಲಿದ್ದೆ. ನಾನು ಅಲ್ಲೇ ಇದ್ದೆ. ಚೌರಿಯಣ್ಣ ಬಿದ್ದ ಕೂಡಲೇ ಸಾಯಲಿಲ್ಲ. ಅವ್ವ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಟೆಂಪೋ ತರಲು ಓಡಿದವರು ಇನ್ನೂ ಬಂದಿರಲಿಲ್ಲ. ಅವನಿಗೆ ಮಾತು ನಿಲ್ಲುತ್ತಾ ಇತ್ತು. ಕಣ್ಣು ಬಿಟ್ಟು ಅವಳನ್ನೇ ಕೇಳಿದ: “ಓಗ್ಲಾ ಅವ್ವ?”

ನಾನು ಬೇಡ ಅಂತ ಕೂಗಿಕೊಂಡೆ. ಅವ್ವ ನನ್ನ ಬಾಯಿ ಮುಚ್ಚಿದಳು. ಅವನ ಹಣೆ ಸವರಿ ಹೇಳಿದಳು: “ಓಗಪ್ಪ. ಎದ್ರಬ್ಯಾಡ. ನಾನಿವ್ನಿ.”

ಅವನ ಮುಖದ ಮೇಲಿದ್ದ ಹೆದರಿಕೆ ಹೋಯಿತು. ನಾನು ಕಣ್ಣಾರೆ ನೋಡಿದೆ. ಆಮೇಲೆ ಅವನೂ ಹೋದ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ, ಹೇಳಿದರೆ ಜನ ಏನೇನೋ ಅರ್ಥ ಮಾಡುತ್ತಾರೆ. ಹೆತ್ತ ಮಗನಿಗೆ ಹೋಗು ಅಂದದ್ದು ಏನೂ ಮಾಡದೆ ನಿಂತದ್ದಾ? ನೀನು ಡಾಕ್ಟರ್, ನೀನೇ ಹೇಳು.

ಅಕ್ಕ


ಪುಣೆ
1 ಫೆಬ್ರವರಿ 2026

ಪ್ರೀತಿಯ ಅಕ್ಕ,

ನಿನ್ನ ಕಾಗದ ಓದಿ ಪಾಠಕ್ಕೆ ಹೋದೆ. ಹತ್ತು ನಿಮಿಷಕ್ಕೆ ಪುಸ್ತಕ ಮುಚ್ಚಿ ಹುಡುಗರನ್ನು ಹೊರಗೆ ಕಳಿಸಿದೆ. ತರಗತಿಯಲ್ಲೇ ಕೂತು ಅತ್ತೆ. ನನ್ನ ಅಣ್ಣ ಹೆದರದೆ ಹೋದ ಅನ್ನುವುದು ನನಗೆ ನಲವತ್ತೈದನೇ ವಯಸ್ಸಿನಲ್ಲಿ ಗೊತ್ತಾಗಬೇಕಾಯಿತು.

ಏನೂ ಮಾಡದೆ ನಿಂತಳು ಅಂತ ನಾನು ಬರೆದದ್ದು ತಪ್ಪು. ಕ್ಷಮಿಸು ಅಂತ ನಿನ್ನನ್ನು ಕೇಳುವುದಿಲ್ಲ, ಅದನ್ನು ಅವ್ವನನ್ನು ಕೇಳಿಕೊಂಡಿದ್ದೇನೆ.

ಆದರೆ ನೀನು ಕೇಳಿದ್ದಕ್ಕೆ ಉತ್ತರ ಹೇಳದಿದ್ದರೆ ನಾನು ಕಲಿತದ್ದು ದಂಡ. ಅವ್ವ ಚೌರಿಯಣ್ಣನನ್ನು ಉಳಿಸಲಿಲ್ಲ, ಅವನನ್ನು ಕೊಟ್ಟಳು. ದೇವರ ಕೈಗೆ ತಾನೇ ಎತ್ತಿ ಕೊಟ್ಟಳು. ಮಾತೆ ಮಾಡಿದ್ದೂ ಅದೇ. ರಕ್ಷಿಸಿದವನು ಒಬ್ಬನೇ, ಅದರಲ್ಲಿ ನಾನು ಈಗಲೂ ಒಂದಿಷ್ಟೂ ಹಿಂದೆ ಸರಿಯುವುದಿಲ್ಲ. ಆದರೆ ಅವನನ್ನು ಕೊಟ್ಟವಳು ಒಬ್ಬಳಿದ್ದಾಳೆ ಅನ್ನುವುದನ್ನು ನನ್ನ ಕರಪತ್ರ ಗಟ್ಟಿಯಾಗಿ ಹೇಳಿರಲಿಲ್ಲ. ಅಟ್ಟದ ಮಾತು ತಣ್ಣಗಿತ್ತು. ನೀನು ಬೈದದ್ದು ಸರಿ.

ಅದಕ್ಕೇ ಹೊಸ ಕರಪತ್ರ ಬರೆದಿದ್ದೇನೆ. ಅವ್ವನ ಮತ್ತು ಚೌರಿಯಣ್ಣನ ಕಥೆಯನ್ನು ಹೆಸರು ಹೇಳದೆ ಬರೆದಿದ್ದೇನೆ, ಇದರ ಜೊತೆಗೇ ಇಟ್ಟಿದ್ದೇನೆ, ಓದಿ ನೋಡು, ಬೇಡವೆಂದರೆ ಫಾದರಿಗೆ ಹೇಳಿ ತಡೆ. ಲೂರ್ದು ಹಬ್ಬದ ದಿನ ಓದಲು ಅವರು ಒಪ್ಪಿದ್ದಾರೆ. ಈ ಸಲ ನನ್ನ ಹೆಸರಿದೆ. ಅದರ ಪಕ್ಕದಲ್ಲೇ ನಿನ್ನದೂ ಇದೆ. ಸಹಲೇಖಕಿ, ಮದಲೇನಮ್ಮ, ದಬ್ಬೇಘಟ್ಟ. ನೀನಿಲ್ಲದೆ ಅದರಲ್ಲಿ ಒಂದು ಸಾಲೂ ಹುಟ್ಟುತ್ತಿರಲಿಲ್ಲ. ನಿನ್ನ ತಂಗಿ ಅಂತ ಹೇಳಿಕೊಳ್ಳಲು ನನಗೆ ಈಗ ಎಷ್ಟು ಹೆಮ್ಮೆ ಅಂತ ಕಾಗದದಲ್ಲಿ ಬರೆಯಲು ಬರುತ್ತಿಲ್ಲ.

ಹಬ್ಬಕ್ಕೆ ಬರಲು ರಜೆ ಸಿಗಲಿಲ್ಲ. ಹಲಗೆಯ ವಿಷಯ ಇನ್ನು ನಾನು ಎತ್ತುವುದಿಲ್ಲ.

ನಿನ್ನ,
ನಿಮ್ಮಿ


ದಬ್ಬೇಘಟ್ಟ
12 ಫೆಬ್ರವರಿ 2026

ಪ್ರೀತಿಯ ನಿಮ್ಮಿ,

ಹಬ್ಬ ಚೆನ್ನಾಗಿ ಆಯಿತು. ಭೀಮರಾಜು ಗುಡಿಯ ತುಂಬ ಲೈಟ್ ಕಟ್ಟಿದ್ದ. ಮಾತೆಯ ಮುಖದ ಮಸಿ ಒರೆಸಲು ಹೋದರೆ ಪುಟ್ಟಗಂಗಮ್ಮ ಬಿಡಲಿಲ್ಲ, ಈಗ ನಮ್ಮ ಸೀಮೆಯವಳ ಹಾಗೆ ಕಾಣುತ್ತಾಳೆ ಅಂದಳು. ಹಾಗೇ ಬಿಟ್ಟೆವು.

ಪೂಜೆಯ ಕೊನೆಯಲ್ಲಿ ಫಾದರ್ ನಿನ್ನ ಕರಪತ್ರ ಓದಿದರು. ಮೊದಲೇ ಓದಿ ನಾನು ಒಪ್ಪಿದ್ದೆ, ಆದರೂ ಅವ್ವನ ಮಾತು ಅವರ ಬಾಯಲ್ಲಿ ಬಂದಾಗ ಮೈ ಜುಮ್ಮೆಂದಿತು. ನನ್ನ ತಂಗಿ ಬರೆದದ್ದು, ಕೇಳಿರಿ ಅಂತ ಎದೆಯೆತ್ತಿ ಕೂತಿದ್ದೆ. ಕೊನೆಗೆ ಬರೆದವರ ಹೆಸರು ಓದಿದರು. ಸಿಸ್ಟರ್ ನಿರ್ಮಲಾ, ಸಹಲೇಖಕಿ ಮದಲೇನಮ್ಮ. ಎಲ್ಲರೂ ತಿರುಗಿ ನನ್ನನ್ನೇ ನೋಡಿದರು, ಚಪ್ಪಾಳೆ ಬೇರೆ ತಟ್ಟಿದರು.

ನಿನ್ನ ಕಾಗದದಲ್ಲಿ ಓದಿದಾಗ ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಮಾತೆಯ ಎದುರು, ಜನರ ಎದುರು ಅದನ್ನು ಕೇಳಿದಾಗ ಮುಳ್ಳಿನ ಮೇಲೆ ಕೂತಂತೆ ಆಯಿತು. ಬರೆದವಳು ನೀನು. ಅಷ್ಟು ವರ್ಷ ಕಣ್ಣು ಸವೆಸಿಕೊಂಡು ಓದಿದವಳು ನೀನು. ನಾನು ಕಂಡದ್ದನ್ನು ನಿನ್ನ ಕೈಗೆ ಕೊಟ್ಟೆ, ಅಷ್ಟೇ. ಎದ್ದು ನಿಂತು ಹೇಳಿಬಿಟ್ಟೆ: “ಫಾದರ್, ನನ್ ಹೆಸ್ರು ಹೊಡ್ದಾಕಿ. ಬರ್ದೋಳು ನನ್ ತಂಗಿ ಒಬ್ಳೇ. ನಾನು ಅವಳ ಅಕ್ಕ, ಅಷ್ಟು ಸಾಕು ನಂಗೆ.”

ಹೇಳಿ ಮುಗಿಸಿದ ಮೇಲೆ ಕಣ್ಣು ತಾನಾಗಿಯೇ ಗೂಡಿನ ಕಡೆ ಹೋಯಿತು. ಮಾತೆ ಅಲ್ಲಿ, ಅವಳ ತಲೆಯ ಮೇಲೆ ನಮ್ಮ ಹಲಗೆ. ಇಷ್ಟು ವರ್ಷ ಅವಳು ಅದರ ಕೆಳಗೆ ಹೇಗೆ ಕೂತಿದ್ದಳೋ ಅನ್ನಿಸಿತು. ಅಂಥದ್ದೇ ಹೆಸರನ್ನು ನನಗೆ ಒಂದು ಗಳಿಗೆಯೂ ತಡೆಯಲಾಗಲಿಲ್ಲ.

ಸ್ಟೂಲ್ ತರಿಸಿ ನಾನೇ ಹತ್ತಿ ಹಲಗೆ ಇಳಿಸಿದೆ. ಭೀಮರಾಜು ಸ್ಟೂಲ್ ಹಿಡಿದುಕೊಂಡ. ಹಲಗೆ ಈಗ ನನ್ನ ಮನೆಯಲ್ಲಿ, ಅವ್ವನ ಫೋಟೋದ ಪಕ್ಕದಲ್ಲಿದೆ. ಅವ್ವ ಅಷ್ಟು ನೋವಿನಲ್ಲಿ ಕೂತು ಮಾಡಿದ್ದು, ಅದರ ಜಾಗ ಅದೇ. ಮಾತೆಯನ್ನು ಇನ್ನು ಏನಂತ ಕರೆಯುವುದು ಅಂತ ಯಾರೋ ಕೇಳಿದರು. ಅವ್ವ ಅನ್ನಿ ಅಂದೆ.

ನಾನು ಸೋತೆ ಅಂತ ಮಾತ್ರ ನೀನು ಪುಣೆಯಲ್ಲಿ ಕೂತು ಬೀಗಬೇಡ. ಆ ಹಲಗೆ ಇಳಿಸಿದ್ದು ರೋಮ್ ಅಲ್ಲ, ಫಾದರ್ ಅಲ್ಲ, ನೀನೂ ಅಲ್ಲ. ಅವ್ವನ ಮಗಳು ಮದಲೇನಮ್ಮ ಇಳಿಸಿದ್ದು. ಅದನ್ನು ಬೇಕಾದರೆ ಎಲ್ಲಾದರೂ ಬರೆದು, ಕೆಳಗೆ ನನ್ನ ಹೆಸರು ಹಾಕು.

ನಿನ್ನ ಅಕ್ಕ